ಪೂರ್ವಪಕ್ಷವನ್ನು ಬರೆಯಿಸುವ ಬಗೆ: ಗಡಿನಾಡಿನ ತರಗತಿ ಮತ್ತು ತಾಳಮದ್ದಳೆಯ ಪಾಠ

ಪ್ರೌಢಶಾಲೆಯ ವಿದ್ಯಾರ್ಥಿಗೆ ‘ಮಾತೃಭಾಷೆಯಲ್ಲಿ ಶಿಕ್ಷಣ’ ಎಂಬ ವಿಷಯವನ್ನು ಕೊಟ್ಟರೆ ದೊರೆಯುವುದು ಸಾಮಾನ್ಯವಾಗಿ ವಾದವಲ್ಲ, ಸ್ತುತಿ. ಭಾಷೆಯನ್ನು ತಾಯಿಗೆ ಹೋಲಿಸಿ ಆರಂಭವಾದ ಪ್ರಬಂಧವು ‘ಉಳಿಸಿ ಬೆಳೆಸೋಣ’ ಎಂಬ ಕರೆಯಲ್ಲಿ ಮುಗಿಯುತ್ತದೆ. ಒಪ್ಪದವನೊಬ್ಬ ಎದುರಿಗಿದ್ದಾನೆ ಎಂಬ ಅರಿವು ಬರವಣಿಗೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕಾಸರಗೋಡಿನಲ್ಲಿ ಈ ಕೊರತೆ ಕೇವಲ ಅಂಕಗಳ ಪ್ರಶ್ನೆಯಲ್ಲ. ಅಲ್ಲಿಯ ಕನ್ನಡಿಗನು ತನ್ನ ಭಾಷೆಯ ಪರವಾದ ಮಾತನ್ನು ಬಹುಮಟ್ಟಿಗೆ ಅನ್ಯಭಾಷೆಯ ಅಧಿಕಾರಿಗೇ ಹೇಳಬೇಕಾಗುತ್ತದೆ.

ವಾದದ ಶಿಕ್ಷಣಕ್ಕೆ ಈ ಸೀಮೆ ಹೊರಗಿನಿಂದ ಮಾದರಿಯನ್ನು ತರಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ ಹಾಡಿದ ಮೇಲೆ ಅರ್ಥಧಾರಿಯು ಆ ಕ್ಷಣದಲ್ಲಿ ಕಟ್ಟುವ ಮಾತೇ ಸರ್ವಸ್ವ. ಇಂದು ರಾಮನಾದವನು ನಾಳೆ ವಾಲಿಯಾಗಬಹುದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂಬ ವಾಲಿಯ ಪ್ರಶ್ನೆ ಬಲವಾಗಿ ಬಾರದಿದ್ದರೆ ರಾಮನ ಉತ್ತರಕ್ಕೂ ತೂಕವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಪ್ರತಿನಾಯಕರ ಪಕ್ಷವನ್ನು ಎತ್ತಿ ನಿಲ್ಲಿಸಿದಾಗ ಸಭೆ ಅದನ್ನು ಅಧರ್ಮದ ಸಮರ್ಥನೆಯೆಂದು ಬಗೆಯಲಿಲ್ಲ. ವಾದದ ಘನತೆಯೆಂದೇ ಸ್ವೀಕರಿಸಿತು. ತನ್ನದಲ್ಲದ ಪಕ್ಷವನ್ನು ಗೌರವದಿಂದ ಮಂಡಿಸುವ ಈ ಅಭ್ಯಾಸವೇ ತರಗತಿಗೆ ಬೇಕಾದುದು.

ಆದರೆ ಮಾದರಿಗೆ ಮಿತಿಗಳುಂಟು. ಪ್ರಸಂಗದ ಅಂತ್ಯ ಮೊದಲೇ ನಿಶ್ಚಿತ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಬದುಕುವುದಿಲ್ಲ. ಮಾತಿನ ಚಕಮಕಿ ಕೆಲವೊಮ್ಮೆ ಪಾತ್ರವನ್ನು ದಾಟಿ ವ್ಯಕ್ತಿಯನ್ನು ಚುಚ್ಚುವುದೂ ಉಂಟು. ನ್ಯಾಯಸೂತ್ರವು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನು ಗೆಲುವಿಗಾಗಿ ನಡೆಯುವ ಜಲ್ಪದಿಂದಲೂ, ಸ್ವಪಕ್ಷವನ್ನು ಸ್ಥಾಪಿಸದೆ ಖಂಡಿಸುವ ವಿತಂಡದಿಂದಲೂ ಬೇರ್ಪಡಿಸಿದ್ದು ಇಲ್ಲಿ ಉಪಯುಕ್ತ. ಶಾಲಾ ಚರ್ಚಾಸ್ಪರ್ಧೆಗಳು ಹೆಚ್ಚಾಗಿ ಜಲ್ಪವನ್ನೇ ಕಲಿಸುತ್ತವೆ, ಬಹುಮಾನವೂ ಅದಕ್ಕೇ.

ಬರವಣಿಗೆಯಲ್ಲಿ ಎದುರಾಳಿ ಕಣ್ಣಮುಂದೆ ಇರುವುದಿಲ್ಲವಾದ್ದರಿಂದ ಅವನನ್ನು ಪುಟದೊಳಗೆ ಕರೆತರಬೇಕು. ಇದಕ್ಕೆ ಪ್ರಬಂಧಕ್ಕಿಂತ ಮನವಿಪತ್ರ ಒಳ್ಳೆಯ ಅಭ್ಯಾಸ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳ ಮಾತೃಭಾಷಾ ಬೋಧನೆಗೆ ಸಾಕಷ್ಟು ಸೌಕರ್ಯವಿರಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತದಲ್ಲಿ. ಪ್ರೌಢಶಾಲೆಯ ಬೇಡಿಕೆಗೆ ಈ ವಿಧಿಯೊಂದನ್ನೇ ಆಧಾರವಾಗಿ ಕೊಟ್ಟ ವಿದ್ಯಾರ್ಥಿಯ ಪ್ರತಿಜ್ಞೆ ಸರಿಯಿರಬಹುದು. ಹೇತು ಮಾತ್ರ ಅದನ್ನು ಹೊರುವುದಿಲ್ಲ. ಮೊದಲ ಓದಿನಲ್ಲೇ ಅಧಿಕಾರಿಗೆ ಸಿಗುವ ಬಿರುಕು ಇದು. ಅದನ್ನು ತರಗತಿಯಲ್ಲೇ ತೋರಿಸಿಕೊಡುವುದು ಅಧ್ಯಾಪಕನ ಕೆಲಸ.

ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ ಕೇರಳದ 2017ರ ಕಾಯಿದೆ ಇಂಥ ಅಭ್ಯಾಸಕ್ಕೆ ಒದಗುವ ವಿಷಯ. ಕಾಸರಗೋಡಿನ ಕನ್ನಡಿಗರು ಅದನ್ನು ಪ್ರತಿಭಟಿಸಿದ್ದರು. ಮಕ್ಕಳಿಗೆ ಮನೆಯ ಮಾತುಕತೆಯಿಂದಲೇ ಆ ವಿವಾದ ಪರಿಚಿತ. ವಿದ್ಯಾರ್ಥಿಯು ಮೊದಲ ಪುಟದಲ್ಲಿ ಸರಕಾರದ ಪಕ್ಷವನ್ನು ಮಾತ್ರ ಬರೆಯಲಿ: ರಾಜ್ಯದ ಆಡಳಿತ, ಉದ್ಯೋಗ, ನೆರೆಹೊರೆಯ ವ್ಯವಹಾರಗಳಿಗೆ ಮಲಯಾಳ ಬೇಕೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎರಡನೆಯ ಪುಟದಲ್ಲಿ ಸಿದ್ಧಾಂತ ಬರಲಿ. ಆಗ ‘ಮಲಯಾಳ ಬೇಡ’ ಎಂಬ ಘೋಷಣೆಯು ಕಲಿಕೆಯ ಹೊರೆ, ಕನ್ನಡದ ಪಾಠಾವಧಿ, ಕನ್ನಡ ಬಲ್ಲ ಅಧ್ಯಾಪಕರ ನೇಮಕಾತಿ ಎಂಬ ಪರಿಶೀಲಿಸಬಹುದಾದ ಪ್ರಶ್ನೆಗಳಾಗಿ ಒಡೆಯುತ್ತದೆ.

ಮೇಲಿನ ತರಗತಿಗಳಿಗೆ ಪಾರ್ತಿಸುಬ್ಬನ ಕರ್ತೃತ್ವದ ವಿವಾದವನ್ನು ಕೊಡಬಹುದು. ಶಿವರಾಮ ಕಾರಂತರ ಸಂದೇಹ, ಕುಕ್ಕಿಲ ಕೃಷ್ಣ ಭಟ್ಟರ ಸಮರ್ಥನೆ ಎರಡೂ ಅಚ್ಚಿನಲ್ಲಿವೆ. ಕಾವು ಎಲ್ಲಿ ಏರಿತು, ಪುರಾವೆ ಎಲ್ಲಿ ಮಾತಾಡಿತು ಎಂಬುದನ್ನು ಗುರುತಿಸುವುದೇ ಒಂದು ವಾರದ ಕೆಲಸವಾದೀತು.

ಕಾಸರಗೋಡಿನ ಅನೇಕ ಶಾಲೆಗಳಲ್ಲಿ ಕನ್ನಡ, ಮಲಯಾಳ ಮಾಧ್ಯಮಗಳೆರಡೂ ಒಂದೇ ಅಂಗಳದಲ್ಲಿವೆ. ಮೊದಲ ಪುಟವನ್ನು ಪಕ್ಕದ ತರಗತಿಯ ಮಲಯಾಳ ವಿದ್ಯಾರ್ಥಿನಿಗೆ ಓದಿಹೇಳಬೇಕು. ‘ಹೌದು, ನಮ್ಮ ಮಾತು ಇದೇ’ ಎಂದು ಅವಳು ಒಪ್ಪುವವರೆಗೆ ಎರಡನೆಯ ಪುಟವನ್ನು ತಿದ್ದುವ ಅಗತ್ಯವಿಲ್ಲ.