ಮೂರೂಕಾಲಡಿ ಕಂಬಿಯೂ ಮೂರು ವರ್ಷದ ಮಗುವೂ

ಕುಣಿಗಲ್ಲಿನ ಹಾದಿಯಲ್ಲಿ ತಂಗುವವರಿಗೆ ಬಾಲ್ಕನಿ ಈಚಿನದು. ಬೆಂಗಳೂರಿನಿಂದ ಹಾಸನ, ಮಂಗಳೂರಿನ ಕಡೆಗೆ ಹೊರಟವರೂ ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಒಪ್ಪಿಸಲು ಮಕ್ಕಳುಮರಿ ಕಟ್ಟಿಕೊಂಡು ಬಂದವರೂ ಹಿಂದೆ ಇಳಿದುಕೊಳ್ಳುತ್ತಿದ್ದುದು ಛತ್ರಗಳಲ್ಲಿ. ಸರ್ಕಾರಿ ನೌಕರರಾದರೆ ಪ್ರವಾಸಿ ಮಂದಿರದಲ್ಲಿ. ಅವು ಬಹುಮಟ್ಟಿಗೆ ನೆಲಕ್ಕೆ ಅಂಟಿಕೊಂಡ ಕಟ್ಟಡಗಳು. ಜಗಲಿಯಿಂದ ಜಾರಿದ ಮಗು ಮೊಣಕಾಲು ತರಚಿಕೊಂಡು ಅಳುತ್ತ ಎದ್ದು ಬರುತ್ತಿತ್ತು. ಆಮೇಲೆ ಹೆದ್ದಾರಿ ನಾಲ್ಕು ಪಥವಾಯಿತು, 2017ರಲ್ಲಿ ಬೆಂಗಳೂರು–ಹಾಸನ ರೈಲು ಕುಣಿಗಲ್ ಮೂಲಕ ಓಡತೊಡಗಿತು, ರಸ್ತೆ ಬದಿಯ ನಿವೇಶನದ ಬೆಲೆ ಏರಿತು. ಕೆಳಗೆ ಅಂಗಡಿ ಸಾಲು, ಮೇಲೆ ರೂಮು, ರೂಮಿನ ಮುಂದೆ ಗಾಳಿಗೊಂದು ಬಾಲ್ಕನಿ ಎಂಬ ಕಟ್ಟಡ ನಮ್ಮ ಸಣ್ಣ ಊರುಗಳಲ್ಲೆಲ್ಲ ಎದ್ದದ್ದು ಹೀಗೆಯೇ. ಜಗಲಿ ಮೂರನೆಯ ಮಹಡಿಗೆ ಏರಿತು. ಅದರ ಅಂಚಿಗೆ ಕಟ್ಟಿದ ತಡೆಯನ್ನು ಮಾತ್ರ ಯಾರೂ ಮಗುವಿನ ಅಳತೆಗೆ ಹೊಸದಾಗಿ ಯೋಚಿಸಲಿಲ್ಲ.

ತಡೆಗೋಡೆಯ ಕಟ್ಟಳೆ ಹಳೆಯದು. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಎಬ್ಬಿಸಬೇಕು ಎಂಬ ಮಾತು ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲೇ ಇದೆ. ನಮ್ಮಲ್ಲಿ ಭಾರತೀಯ ಮಾನಕ ಸಂಸ್ಥೆ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಮೊದಲು ಹೊರತಂದದ್ದು 1970ರಲ್ಲಿ. 1983, 2005, 2016ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ತಾರಸಿ, ಬಾಲ್ಕನಿಗಳ ಪ್ಯಾರಾಪೆಟ್ಟಾಗಲಿ ಕಂಬಿಯಾಗಲಿ ಕಡೇಪಕ್ಷ 1 ಮೀಟರ್, ಅಂದರೆ ಸುಮಾರು ಮೂರೂಕಾಲಡಿ, ಇರಬೇಕೆಂದು ಅದು ಹೇಳುತ್ತದೆ. ಈ ಅಳತೆ ಯಾರ ಮೈಗೆ ಹೊಂದುತ್ತದೆಂದು ಲೆಕ್ಕ ಹಾಕಿ ನೋಡಬೇಕು. ನಿಂತ ಮನುಷ್ಯನ ಭಾರದ ನಡುಬಿಂದು ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. 170 ಸೆಂಟಿಮೀಟರ್ ಎತ್ತರದವರಲ್ಲಿ ಅದು ನೆಲದಿಂದ 95 ಸೆಂಟಿಮೀಟರಿನಷ್ಟು ಮೇಲಿದೆ. ಕಂಬಿ ಅದಕ್ಕಿಂತ ತುಸು ಮೇಲಿದ್ದರೆ ಎಡವಿದ ದೊಡ್ಡವರು ಆಚೆ ಉರುಳುವುದಿಲ್ಲ. ಮೂರು ವರ್ಷದ ಮಗುವಿನ ಎತ್ತರವೇ ಸುಮಾರು 95 ಸೆಂಟಿಮೀಟರ್. ನೆಲದ ಮೇಲೆ ನಿಂತಿರುವಷ್ಟು ಹೊತ್ತು ಅದೂ ಕ್ಷೇಮ. ಆದರೆ ಆ ವಯಸ್ಸಿನ ಮಗು ನಿಂತಲ್ಲಿ ನಿಲ್ಲುವುದಿಲ್ಲ, ಹತ್ತುತ್ತದೆ. ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಇಟ್ಟಿರುವ ಪ್ಲಾಸ್ಟಿಕ್ ಕುರ್ಚಿಯ ಆಸನ 45 ಸೆಂಟಿಮೀಟರಿನ ಹತ್ತಿರ ಇರುತ್ತದೆ. ಅದರ ಮೇಲೆ ನಿಂತ ಮಗುವಿಗೆ ಉಳಿಯುವ ತಡೆ 55 ಸೆಂಟಿಮೀಟರ್ ಮಾತ್ರ. ಮಗುವಿನ ಭಾರದ ನಡುಬಿಂದುವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ತಲೆ ಮುಂದಕ್ಕೆ ಬಾಗಿತೆಂದರೆ ಮೈ ಹಿಂದೆಯೇ ಹೋಗುತ್ತದೆ. ಈಚಿನ ಸ್ಟೀಲ್ ರೇಲಿಂಗ್‌ಗಳಲ್ಲಂತೂ ಕುರ್ಚಿಯೂ ಬೇಡ. ನೋಟಕ್ಕೆ ಚೆಂದವೆಂದು ಅಡ್ಡಡ್ಡಲಾಗಿ ಬೆಸೆದ ಪೈಪುಗಳು ಮಗುವಿಗೆ ಏಣಿಯೇ ಸರಿ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಕಂಬಿ ಎಷ್ಟೆತ್ತರ ಎನ್ನುವುದಷ್ಟೇ ಅಲ್ಲ, ಅದನ್ನು ಹತ್ತಲಾಗುತ್ತದೆಯೇ ಎನ್ನುವುದು. ಬೇರೆ ದೇಶಗಳ ನಿಯಮಗಳು ನಿಧಾನವಾಗಿ ಬಂದು ಮುಟ್ಟಿದ್ದೂ ಇಲ್ಲಿಗೇ. ಐದು ವರ್ಷದೊಳಗಿನ ಮಕ್ಕಳು ಬಳಸುವ ಸಾಧ್ಯತೆಯಿರುವ ಕಟ್ಟಡಗಳಲ್ಲಿ 10 ಸೆಂಟಿಮೀಟರ್ ವ್ಯಾಸದ ಗುಂಡು ಕಂಬಿಗಳ ನಡುವೆ ತೂರಬಾರದು, ಮಗು ಸಲೀಸಾಗಿ ಹತ್ತುವಂಥ ಅಡ್ಡಪಟ್ಟಿ ಇರಬಾರದು ಎನ್ನುತ್ತದೆ ಇಂಗ್ಲೆಂಡಿನ ಮಾರ್ಗಸೂಚಿ. ನೆಲದಿಂದ 4 ಮೀಟರಿಗಿಂತ ಮೇಲಿನ ಅಂಚುಗಳಲ್ಲಿ 15ರಿಂದ 76 ಸೆಂಟಿಮೀಟರ್ ನಡುವೆ ಕಾಲೂರಲು ಏನೂ ಸಿಗದಂತೆ ಆಸ್ಟ್ರೇಲಿಯಾ ನೋಡಿಕೊಳ್ಳುತ್ತದೆ.

ಮಗುವನ್ನು ನೋಡಿಕೊಳ್ಳುವುದು ಹೆತ್ತವರ ಕೆಲಸ, ಲಾಡ್ಜಿನವರೇನು ಮಾಡಿಯಾರು ಎಂಬ ಮಾತು ತಕ್ಷಣ ಬರುತ್ತದೆ. ಹೆತ್ತವರ ಕೆಲಸವೆಂಬುದು ನಿಜ, ಆದರೆ ಅಲ್ಲಿಗೇ ಮಾತು ಮುಗಿಯುವುದಿಲ್ಲ. ಮನೆಯಲ್ಲಿ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ತಾಯಿಗೂ ಗೊತ್ತು, ಮಗುವಿಗೂ ಗೊತ್ತು. ಬಾಡಿಗೆ ರೂಮಿಗೆ ಕಾಲಿಟ್ಟ ಮೊದಲ ಹತ್ತು ನಿಮಿಷ ದೊಡ್ಡವರ ಕೈ ಬ್ಯಾಗುಗಳಲ್ಲಿ, ಬಿಸಿನೀರಿನ ವಿಚಾರಣೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮಗುವಿಗೆ ಕಾಣುವ ಮೊದಲ ಬೆಳಕು ಬಾಲ್ಕನಿಯ ಕಡೆಯದು. ನ್ಯೂಯಾರ್ಕಿನ ಆರೋಗ್ಯ ಇಲಾಖೆ 1972ರಲ್ಲಿ ಕಿಟಕಿಯಿಂದ ಬೀಳುವ ಮಕ್ಕಳಿಗಾಗಿ ಕಾರ್ಯಕ್ರಮವೊಂದನ್ನು ಶುರುಮಾಡಿದಾಗ ತಾಯಂದಿರಿಗೆ ತಿಳಿಹೇಳಿ ಸುಮ್ಮನಾಗಲಿಲ್ಲ, ಚಿಕ್ಕ ಮಕ್ಕಳಿದ್ದ ಮನೆಗಳಿಗೆ ಕಿಟಕಿ ಕಂಬಿಯನ್ನೂ ಪುಕ್ಕಟೆಯಾಗಿ ಕೊಟ್ಟಿತು. 1973ರಿಂದ 1975ರ ಹೊತ್ತಿಗೆ ಬ್ರಾಂಕ್ಸ್ ಭಾಗದಲ್ಲಿ ವರದಿಯಾದ ಬೀಳುವಿಕೆಗಳು ಅರ್ಧಕ್ಕಿಳಿದವು. 1976ರಲ್ಲಿ ಕಂಬಿ ಹಾಕಿಸುವುದು ಕಟ್ಟಡದ ಮಾಲೀಕರ ಹೊಣೆಯಾಯಿತು. ಅಲ್ಲಿಯ ತಾಯಂದಿರನ್ನು ಯಾರೂ ಬೇಜವಾಬ್ದಾರರೆಂದು ತೀರ್ಮಾನಿಸಬೇಕಾಗಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬಾಲ್ಕನಿಗೆ ಮೇಲಿಂದ ಕೆಳಗಿನತನಕ ಗ್ರಿಲ್ ಜಡಿದುಬಿಟ್ಟರೆ ಬೆಂಕಿ ಬಿದ್ದಾಗ ಒಳಗಿದ್ದವರ ಗತಿಯೇನು? 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡಾಗ ಉಸಿರಿಗಾಗಿ ಜನ ಗಾಜು ಒಡೆದುಕೊಂಡರು, ಕೆಲವರು ಕೆಳಕ್ಕೆ ಹಾರಿದರು. ಒಂಬತ್ತು ಮಂದಿ ತೀರಿಕೊಂಡರು. ಈ ಭಯವನ್ನು ತಳ್ಳಿಹಾಕುವಂತಿಲ್ಲ, ಹಾಗಾಗಿ ಪೂರ್ತಿ ಗ್ರಿಲ್ ಸರಿಯಾದ ಉತ್ತರವಲ್ಲ. ಮಗುವನ್ನು ತಡೆಯಲು ಅಷ್ಟು ಬೇಕಾಗಿಯೂ ಇಲ್ಲ. ಪೈಪುಗಳನ್ನು ಅಡ್ಡ ಬೆಸೆಯುವ ಬದಲು ನೆಟ್ಟಗೆ ನಿಲ್ಲಿಸಿ, ನಡುವಿನ ಸಂದು 10 ಸೆಂಟಿಮೀಟರ್ ಮೀರದಂತೆ ನೋಡಿಕೊಂಡರೆ ಗಾಳಿಯೂ ಬರುತ್ತದೆ, ನೋಟವೂ ಉಳಿಯುತ್ತದೆ. ಹೊಸ ಕಟ್ಟಡದಲ್ಲಿ ಇದಕ್ಕೆ ತಗಲುವ ಹೆಚ್ಚಿನ ಖರ್ಚು ಅಲ್ಪ, ವೆಲ್ಡಿಂಗ್ ಅಂಗಡಿಯವರಿಗೆ ಮೊದಲೇ ಹೇಳಿದರಾಯಿತು. ಹಳೆಯ ಅಡ್ಡಕಂಬಿಗೆ ಒಳಗಡೆಯಿಂದ ಪಾರದರ್ಶಕ ಹಾಳೆ ಬಿಗಿಯಬಹುದು. ಬಾಲ್ಕನಿ ಬಾಗಿಲಿಗೆ ದೊಡ್ಡವರ ಕೈಗಷ್ಟೇ ಎಟುಕುವ ಒಳಚಿಲಕ ಬೇಕು. ಮಗುವಿರುವ ಕುಟುಂಬಕ್ಕೆ ರೂಮು ಕೊಡುವಾಗ ಕುರ್ಚಿ, ಟೀಪಾಯಿಗಳನ್ನು ಒಳಗೆ ಎತ್ತಿಡಲು ರೂಮ್ ಬಾಯ್‌ಗೆ ಒಂದು ನಿಮಿಷ ಸಾಕು. ನೆಲಮಹಡಿಯ ರೂಮು ಖಾಲಿಯಿದ್ದರೆ ಅದನ್ನೇ ಕೊಡುವುದು ಇನ್ನೂ ಒಳ್ಳೆಯದು.

ರಾಷ್ಟ್ರೀಯ ಸಂಹಿತೆ ಶಿಫಾರಸು ಮಾತ್ರ. ಅದಕ್ಕೆ ಕಾನೂನಿನ ಬಲ ಬರುವುದು ಸ್ಥಳೀಯ ಸಂಸ್ಥೆಗಳ ಬೈಲಾಗಳ ಮೂಲಕ. ನಕ್ಷೆ ಮಂಜೂರಾದ ಮೇಲೆ ರೇಲಿಂಗ್ ಬದಲಾದರೂ ಕುರ್ಚಿ ಬಂದು ಕೂತರೂ ನಕ್ಷೆಗೆ ಗೊತ್ತಾಗುವುದಿಲ್ಲ. ಉದ್ದಿಮೆ ಪರವಾನಗಿಯ ನವೀಕರಣವಾದರೋ ಮತ್ತೆ ಮತ್ತೆ ಬರುತ್ತದೆ. ಕುಣಿಗಲ್ ಪುರಸಭೆಯಾಗಲಿ ಯಡಿಯೂರಿನ ಪಂಚಾಯಿತಿಯಾಗಲಿ ಆ ಹೊತ್ತಿನ ತಪಾಸಣೆಗೆ ಬಾಲ್ಕನಿಯನ್ನು ಸೇರಿಸಿಕೊಂಡರೆ, ಹೋದವರ ಚೀಲದಲ್ಲಿ ಅಳತೆ ಟೇಪಿನ ಜೊತೆ 10 ಸೆಂಟಿಮೀಟರಿನ ಒಂದು ಮರದ ಗುಂಡು ಇರಲಿ: ಅದು ಕಂಬಿಯ ನಡುವೆ ತೂರಿದರೆ, ಅಥವಾ ಕಾಲೂರಲು ಅಡ್ಡಪಟ್ಟಿ ಸಿಕ್ಕಿದರೆ, ಸರಿಪಡಿಸುವ ತನಕ ಆ ರೂಮನ್ನು ಮಕ್ಕಳಿರುವವರಿಗೆ ಕೊಡಬಾರದು.