ಕಡಲ ಕಳೆಯ ಸಾಕ್ಷಿ

ಹುಕ್ಕೇರಿಯ ಸದ್ಗೃಹಸ್ಥರೊಬ್ಬರು ಮೊನ್ನೆ ನಮ್ಮ ಕಚೇರಿಗೆ ದಯಮಾಡಿಸಿದ್ದರು. ಹೊಳೆಯ ನೀರು ಕೆಟ್ಟಿದೆಯೆಂದು ಊರವರು ಅರ್ಜಿ ಕೊಟ್ಟರೆಂದೂ, ಅಧಿಕಾರಿಗಳು ಬಂದು ಒಂದು ಬಾಟಲಿ ನೀರು ತುಂಬಿಕೊಂಡು ಹೋಗಿ ದೋಷವೇನೂ ಕಾಣದೆಂದು ಉತ್ತರವಿತ್ತರೆಂದೂ ತಿಳಿಸಿ, “ಇನ್ನು ನಾವೇನು ಹೇಳಬೇಕು, ರಾಯರೆ?” ಎಂದು ಕೇಳಿದರು. ಅಧಿಕಾರಿಗಳು ಸುಳ್ಳಾಡಿದರೆಂದು ನಾವು ಹೇಳಲಾರೆವು. ಆ ಬಾಟಲಿ ನಿಜವನ್ನೇ ನುಡಿದಿರಬಹುದು. ಆದರೆ ಅದು ನುಡಿದದ್ದು ಒಂದು ಗಳಿಗೆಯ ನಿಜವನ್ನು. ಹರಿಯುವ ನೀರು ನಿನ್ನೆ ರಾತ್ರಿ ಏನನ್ನು ಹೊತ್ತು ಹೋಯಿತೆಂಬುದನ್ನು ಇಂದು ಮುಂಜಾನೆಯ ನೀರು ಹೇಳುವದೆಂತು?

ಈ ತೊಡಕಿಗೆ ಸಮುದ್ರತೀರದ ಶೋಧಕರು ಕಂಡುಕೊಂಡ ಉಪಾಯವು ನಮ್ಮ ಬಯಲುಸೀಮೆಯ ವಾಚಕರಿಗೂ ತಿಳಿದಿರತಕ್ಕದ್ದು. ಕಡಲ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಪಾಚಿ, ಅಂದರೆ ಕಡಲಕಳೆಯು ಇದ್ದಲ್ಲಿಯೇ ಇರುವದು. ಅದಕ್ಕೆ ನೆಲದಿಂದ ಹೀರುವ ಬೇರಿಲ್ಲ. ಬುಡದ ಹಿಡಿತವು ಬಂಡೆಯನ್ನು ಬಿಡದಿರಲಿಕ್ಕೆ ಮಾತ್ರ. ಆಹಾರವೆಲ್ಲವನ್ನೂ ಸುತ್ತಲಿನ ನೀರಿನಿಂದಲೇ ಮೈಯೆಲ್ಲ ಹೀರಿಕೊಳ್ಳುವಾಗ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಪಾದರಸಗಳೂ ಒಳಗೆ ಬರುವವು. ಕಂದು ಬಣ್ಣದ ಕಳೆಗಳಲ್ಲಿ ಆಲ್ಜಿನೇಟ್ ಎಂಬ ಅಂಟುದ್ರವ್ಯವಿದ್ದು, ಅದು ಲೋಹವನ್ನು ಹಿಡಿದಿಡುವದು. ಹೀಗಾಗಿ ಕಳೆಯ ಮೈಯಲ್ಲಿ ಲೋಹಾಂಶವು ನೀರಿನಲ್ಲಿರುವದಕ್ಕಿಂತ ಎಷ್ಟೋ ಸಾವಿರ ಪಟ್ಟು ಹೆಚ್ಚಾಗಬಲ್ಲದು. ಸಮುದ್ರದ ನೀರಿನಲ್ಲಿ ಈ ಲೋಹಗಳು ಎಷ್ಟು ಸೂಕ್ಷ್ಮವಾಗಿರುವವೆಂದರೆ, ಬಾಟಲಿಗೆ ಅಂಟಿದ ಮಲಿನವೇ ಲೆಕ್ಕವನ್ನು ಕೆಡಿಸೀತು. ಕಳೆಯನ್ನು ತೊಳೆದು, ಒಣಗಿಸಿ, ಆಮ್ಲದಲ್ಲಿ ಕರಗಿಸಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ನೀರು ಹೇಗಿತ್ತೆಂಬುದರ ಒಟ್ಟು ಲೆಕ್ಕವು ಸುಲಭವಾಗಿ ದೊರೆಯುವದು.

ಯುರೋಪದ ತಂಪು ಕಡಲುಗಳಲ್ಲಿ ಫ್ಯೂಕಸ್ ಎಂಬ ಕಂದು ಕಳೆಯನ್ನು ಈ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಿರುವರು. ಅದು ಹಲವು ವರ್ಷ ಬಾಳುವ ಜಾತಿ. ತುದಿಯ ಚಿಗುರು ಇತ್ತೀಚಿನ ಸುದ್ದಿಯನ್ನು ಹೇಳಿದರೆ ಬುಡದ ಹಳೆಯ ಭಾಗವು ಹಿಂದಿನದನ್ನು ಹೇಳುವದು. ಜರ್ಮನರಂತೂ 1985ರಿಂದ ನಡೆದುಬಂದ ತಮ್ಮ ಮಾದರಿ ಭಂಡಾರದಲ್ಲಿ ಈ ಕಳೆಯನ್ನು ಅತಿಶೀತದಲ್ಲಿ ಕಾಯ್ದಿಡುತ್ತಾರೆ. ಇಂದು ಯಾರಿಗೂ ತೋಚದ ವಿಷವನ್ನು ಮುಂದಿನ ಪೀಳಿಗೆಯವರು ಹುಡುಕಬೇಕಾದರೆ ಆಧಾರವಿರಲಿ ಎಂಬುದು ಅವರ ದೂರದೃಷ್ಟಿ. ನಮ್ಮಲ್ಲಿ ಅರ್ಜಿಯ ನಕಲನ್ನೂ ಜೋಪಾನ ಮಾಡುವವರು ಅಪರೂಪ!

ಕಾರವಾರದ ಬಂಡೆಗಳ ಮೇಲೆ ಸಾರ್ಗಾಸಂ, ಪಡೈನಾ, ಎಲೆಯಂಥ ಹಸಿರು ಅಲ್ವಾ ಮೊದಲಾದವು ಬೆಳೆಯುವವು. ಆದರೆ ಮಳೆಗಾಲದ ಅಬ್ಬರಕ್ಕೆ ಇವುಗಳಲ್ಲಿ ಬಹುಪಾಲು ಕಿತ್ತುಹೋಗಿ ಮಳೆ ನಿಂತ ಮೇಲೆ ಹೊಸದಾಗಿ ಹುಟ್ಟುವದರಿಂದ, ನಮ್ಮ ಕರೆಯ ಕಳೆಯ ನೆನಪು ಒಂದು ಹಂಗಾಮಿನದು. ದೀರ್ಘಕಾಲದ ಲೆಕ್ಕ ಬೇಕಾದರೆ ವರ್ಷವರ್ಷವೂ ಅದೇ ಬಂಡೆಗೆ, ಅದೇ ತಿಂಗಳಿಗೆ ಮರಳಿ ಹೋಗಲೇಬೇಕು. ಕಾಳಿ ನದಿಯ ಸಿಹಿನೀರು ಬೆರೆತಲ್ಲಿ ಉಪ್ಪು ಕಡಿಮೆಯಾಗಿ ಕಳೆಯು ಲೋಹವನ್ನು ಹೀರುವ ಪ್ರಮಾಣವೂ ಬದಲಾಗುವದು. ಅಲ್ಲದೆ ಕಳೆಯು ಕರಗಿದ ಲೋಹವನ್ನಷ್ಟೇ ಬಲ್ಲದು. ಕೆಸರಿನ ಕಣಗಳಲ್ಲಿದ್ದುದನ್ನು ತಿಳಿಯಲು ನೀಲಿಕಲ್ಲು ಎಂಬ ಚಿಪ್ಪಿನ ಪ್ರಾಣಿಯನ್ನು ಪರೀಕ್ಷಿಸಬೇಕು.

ಕಾರವಾರದ ಹೆಸರನ್ನು ನಾವು ಸುಮ್ಮನೆ ಎತ್ತಿಲ್ಲ. ಹತ್ತಿರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾದ ಕಾರಖಾನೆಯೊಂದುಂಟು. ಅದರ ಬಳಿಯ ಪಾದರಸವನ್ನು ಕುರಿತು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಭಾರತದ ಈ ಉದ್ಯಮವು ಈಗ ಪಾದರಸದ ಪದ್ಧತಿಯನ್ನು ಬಹುಮಟ್ಟಿಗೆ ತೊರೆದಿರುವದು ಸಂತೋಷದ ಸಂಗತಿಯೇ. ಆದರೆ ಪಾದರಸವು ಒಮ್ಮೆ ಕಡಲ ಕೆಸರನ್ನು ಸೇರಿದರೆ ಬೇಗನೆ ಕಳೆದುಹೋಗುವ ಪದಾರ್ಥವಲ್ಲ. ಜಪಾನದ ಮಿನಮಾಟದಲ್ಲಿ 1956ರಲ್ಲಿ ರೋಗವು ಬೆಳಕಿಗೆ ಬಂದಾಗ, ಮೀನು ತಿಂದ ಬೆಕ್ಕುಗಳು ಮೊದಲೇ ಹುಚ್ಚೆದ್ದು ಕುಣಿದು ಸತ್ತಿದ್ದವು. ಬೆಕ್ಕಿಗಿಂತ ಮೊದಲು ಸಾಕ್ಷಿ ಹೇಳುವದು ಬೇಕೆಂದೇ ಇಷ್ಟೆಲ್ಲ ಪ್ರಯಾಸ.

ಘಟಪ್ರಭೆಯು ಪಡುವಣ ಕಡಲನ್ನು ಮುಟ್ಟುವದಿಲ್ಲವೆಂದು ವಾಚಕರು ಆಕ್ಷೇಪಿಸಬಹುದು. ನಿಜ, ಗೋಕಾಕದಲ್ಲಿ ಧುಮುಕಿದ ನೀರು ಕೃಷ್ಣೆಯನ್ನು ಕೂಡಿ ಬಂಗಾಲ ಉಪಸಾಗರಕ್ಕೆ ಹೋಗುವದು. ಆದರೆ ಹೊಳೆಗಳಲ್ಲಿಯೂ ನೀರೊಳಗಿನ ಹಾವಸೆ, ಎಳೆಪಾಚಿಗಳನ್ನು ಇದೇ ಕೆಲಸಕ್ಕೆ ಯುರೋಪದಲ್ಲಿ ಬಳಸಿರುವರು. ಆಂಬೋಲಿಯ ಘಟ್ಟದಿಂದ ಸಂಕೇಶ್ವರಕ್ಕೆ ಬರುವ ಹಿರಣ್ಯಕೇಶಿಯ ದಂಡೆಯ ಮೇಲೆಯೂ ಘಟಪ್ರಭೆಯ ದಂಡೆಯ ಮೇಲೆಯೂ ಗಿರಣಿಗಳುಂಟು, ಊರುಗಳುಂಟು. ಮೂಡಲಗಿಯ ಕಡೆಯ ಕಬ್ಬು ಉಣ್ಣುವದೂ ಈ ನೀರನ್ನೇ. ನಾವು ಯಾವ ಗಿರಣಿಯ ಮೇಲೂ ದೋಷ ಹೊರಿಸುತ್ತಿಲ್ಲ. ದೋಷವಿಲ್ಲದಿದ್ದರೆ ಅದನ್ನು ಸಿದ್ಧಪಡಿಸಲಿಕ್ಕೂ ಇದೇ ದಾರಿ. ಸಂಕೇಶ್ವರದ ಸೇತುವೆ, ಧೂಪದಾಳದ ಒಡ್ಡು, ಗೋಕಾಕದ ಧಬಧಬೆಯ ಕೆಳಗೆ, ಹೀಗೆ ಮೂರು ಕಡೆ ಗುರುತಿಟ್ಟ ಕಲ್ಲುಗಳಿಂದ ಪ್ರತಿವರ್ಷ ಮಾರ್ಗಶೀರ್ಷದಲ್ಲಿ ಪಾಚಿ ತೆಗೆದು, ತೊಳೆದು, ಒಣಗಿಸಿ, ತಾರೀಖು ಬರೆದು ಒಂದು ಕಾಲೇಜಿನ ಕಪಾಟಿನಲ್ಲಿಡಲು ಹೆಚ್ಚಿನ ಹಣವೇನೂ ಬೇಡ. ಪರೀಕ್ಷೆಯ ವೆಚ್ಚವನ್ನು ಸರಕಾರವು ಇಂದಲ್ಲದಿದ್ದರೆ ನಾಳೆ ಕೊಡಲಿ, ಪಾಚಿ ಕಾಯುವದು.

ಇಷ್ಟನ್ನು ಕೇಳಿ ಹುಕ್ಕೇರಿಯ ಮಿತ್ರರು ಒಪ್ಪಿದರು. ಹೊರಡುವಾಗ, ಪಾಚಿಯನ್ನು ಒಣಗಿಸಲಿಕ್ಕೆ ತಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೊಡುವಿರಾ ಎಂದರು. ಅಚ್ಚಿನ ಶಾಯಿಯಲ್ಲಿಯೂ ಲೋಹವಿದ್ದೀತು, ಬಿಳಿಯ ಹೀರುಕಾಗದವನ್ನೇ ಕೊಳ್ಳಿರಿ ಎಂದು ನಾವು ಹೇಳಬೇಕಾಯಿತು.