ಶಿರಸಿ, ಪೊನ್ನಂಪೇಟೆ: ಕಾಡಿನ ನಡುವಿನ ಎರಡು ಕಾಲೇಜು

ಮರದ ಸುತ್ತಳತೆಯನ್ನು ಎಲ್ಲಿ ಅಳೆಯಬೇಕು? ನೆಲದಿಂದ 1.37 ಮೀಟರ್ ಮೇಲೆ, ಹೆಚ್ಚುಕಡಿಮೆ ಎದೆಮಟ್ಟದಲ್ಲಿ. ಪುಸ್ತಕದ ಉತ್ತರ ಅಲ್ಲಿಗೆ ಮುಗಿಯಿತು. ಮರ ಇಳಿಜಾರಿನಲ್ಲಿ ನಿಂತಿದ್ದರೆ? ಆಗ ಏರುಬದಿಗೆ ಹೋಗಿ ನಿಂತು ಅಳೆಯಬೇಕು. ಬುಡದ ಹಲಗೆಬೇರು ಎದೆಯೆತ್ತರ ದಾಟಿದ್ದರೆ, ಕಾಂಡ ದುಂಡಗಾಗುವಲ್ಲಿಯವರೆಗೆ ಟೇಪು ಏರಬೇಕು. ಬಳ್ಳಿ ಸುತ್ತಿಕೊಂಡಿದ್ದರೆ ಅದರ ಅಡಿಯಿಂದ ತೂರಿಸಬೇಕು. ಶಿರಸಿ ಕಡೆಯ ಕಾಡಿನಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿದ ಅರಣ್ಯ ಕಾಲೇಜಿನ ಹುಡುಗ ಹುಡುಗಿಯರ ಕಾಲಿಗೆ ಉಂಬಳ ಹತ್ತಿರುತ್ತದೆ, ನೋಟುಪುಸ್ತಕ ನೆನೆದಿರುತ್ತದೆ. ಆದರೆ ಎಲೆ ಕಣ್ಣಿಗೆ ನಿಲುಕದಷ್ಟು ಎತ್ತರದ ಮರವನ್ನೂ ಅವರು ತೊಗಟೆ ನೋಡಿಯೇ ಗುರುತಿಸಲು ಕಲಿಯುತ್ತಾರೆ. ಮೊಸಳೆ ಚರ್ಮದ ಹಾಗೆ ಒಡೆದಿದ್ದರೆ ಮತ್ತಿ. ನುಣ್ಣಗೆ ಬಿಳುಪಾಗಿ ಸಿಪ್ಪೆ ಸುಲಿಯುತ್ತಿದ್ದರೆ ನಂದಿ. ಕತ್ತಿ ತಾಗಿದಲ್ಲಿ ಕೆಂಪು ರಸ ಒಸರಿದರೆ ಹೊನ್ನೆಯೋ ರಾಮಪತ್ರೆಯೋ ಎಂದು ಕೆಳಗೆ ಬಿದ್ದ ಎಲೆ ಹುಡುಕಬೇಕು.

ಪಿಯುಸಿ ಫಲಿತಾಂಶ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಒಂದೇ ಮಾತುಕತೆ ನಡೆಯುತ್ತದೆ. ಮಗಳಿಗೋ ಮಗನಿಗೋ ಕಾಡು, ಪ್ರಾಣಿ, ನೀರು, ಮಣ್ಣು ಎಂದರೆ ಪ್ರಾಣ. ಅಪ್ಪ ಅಮ್ಮನ ಪ್ರಶ್ನೆ ಎರಡೇ: ಎಷ್ಟು ಖರ್ಚು, ಮುಂದೆ ಕೆಲಸ ಏನು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೇಸರದ ಸಂಗತಿ ಎಂದರೆ, ಉತ್ತರ ನಮ್ಮ ನಾಡಿನಲ್ಲೇ ಇದ್ದರೂ ಬಹಳ ಮಂದಿಗೆ ಅದು ಗೊತ್ತಿಲ್ಲ. ಅರಣ್ಯ ವಿಜ್ಞಾನದಲ್ಲಿ ನಾಲ್ಕು ವರ್ಷದ ಬಿಎಸ್ಸಿ ಪದವಿಯನ್ನು ಸರ್ಕಾರಿ ಶುಲ್ಕದಲ್ಲಿ ಕೊಡುವ ಕಾಲೇಜು ಶಿರಸಿಯಲ್ಲಿ ಒಂದಿದೆ, ಪೊನ್ನಂಪೇಟೆಯಲ್ಲಿ ಒಂದಿದೆ.

ಈ ಓದು ಸಾಮಾನ್ಯರ ಮಕ್ಕಳಿಗೆ ತೆರೆದದ್ದೇ ತಡವಾಗಿ. ಡೆಹ್ರಾಡೂನಿನಲ್ಲಿ 1878ರಲ್ಲೇ ಅರಣ್ಯ ಶಾಲೆ ಶುರುವಾಗಿತ್ತು, ನಿಜ. ಆದರೆ ಅದು ಇಲಾಖೆಯ ಕೆಲಸಕ್ಕೆ ಜನರನ್ನು ತಯಾರು ಮಾಡುವ ಜಾಗ. ಅರಣ್ಯಶಾಸ್ತ್ರವನ್ನು ಪದವಿಯಾಗಿ ಕೃಷಿ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಂಡದ್ದು 1980ರ ದಶಕದ ನಡುವಿನಲ್ಲಿ. ನಮ್ಮಲ್ಲಿ ಮೊದಲು ಧಾರವಾಡದಲ್ಲಿ ನಡೆಯುತ್ತಿದ್ದ ಈ ಪದವಿ 1990ರ ದಶಕದಲ್ಲಿ ಶಿರಸಿಗೆ ಬಂತು. ಪೊನ್ನಂಪೇಟೆಯ ಕಾಲೇಜು 1995ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಹುಟ್ಟಿ, ಮುಂದೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿತು.

ಜಾಗದ ಆಯ್ಕೆಯೇ ಈ ಕಾಲೇಜುಗಳ ದೊಡ್ಡ ಆಸ್ತಿ ಎಂದು ನನಗನ್ನಿಸುತ್ತದೆ. ಶಿರಸಿ ಸೀಮೆಯ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಇದೆ. ಒಂದೆಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ, ಅಲ್ಲಿಂದ ಸೊಪ್ಪು, ದರಕು ತಂದು ಗೊಬ್ಬರ ಮಾಡಿಕೊಳ್ಳುವ ಹಕ್ಕು. ಜನ ಬಳಸುತ್ತಲೇ ಕಾಡು ಉಳಿಯುವುದು ಹೇಗೆ, ಎಲ್ಲಿ ಅದು ಬೋಳಾಗುತ್ತದೆ, ಯಾಕೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ? 1983ರ ಸೆಪ್ಟೆಂಬರ್ 8ರಂದು ಹಳ್ಳಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದ ಸಾಲ್ಕಣಿ ಸುತ್ತಿನ ಕಾಡು ಇದೇ ತಾಲ್ಲೂಕಿನದು. ಸಿದ್ದಾಪುರದ ಕಡೆ ಹೋದರೆ ಕತ್ತಲೆಕಾನಿನ ರಾಮಪತ್ರೆ ಜಡ್ಡಿ. ಸದಾ ನೀರು ನಿಂತ ಆ ಕೆಸರಿನಲ್ಲಿ ಉಸಿರಾಟಕ್ಕಾಗಿ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಅಲ್ಲಿನ ಬೀಜ ಒಣಗಿದರೆ ಸತ್ತಂತೆ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಆಗದು, ಹೆಕ್ಕಿದ ಕೂಡಲೇ ಮಣ್ಣಿಗೆ ಹಾಕಬೇಕು. ಜಡ್ಡಿ ಒಮ್ಮೆ ಬತ್ತಿದರೆ ಮರಳಿ ಕಟ್ಟುವುದು ಎಷ್ಟು ಕಷ್ಟ ಎಂದು ಅರ್ಥವಾಗಲು ಈ ಒಂದು ಬೀಜ ಸಾಕು.

ಪೊನ್ನಂಪೇಟೆಯದು ಬೇರೆಯೇ ಪಠ್ಯ. ಕೊಡಗಿನಲ್ಲಿ ದಾಖಲಾದ ದೇವರಕಾಡುಗಳು 1,214. ಕೆಲವು ಒಂದೆರಡು ಎಕರೆ, ಕೆಲವು ಅದಕ್ಕಿಂತ ಬಹಳ ದೊಡ್ಡವು. ನೆರಳಿನ ಮರಗಳ ಅಡಿಯಲ್ಲಿ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು, ಆಚೆ ನಾಗರಹೊಳೆ, ತೋಟಕ್ಕೆ ನುಗ್ಗುವ ಆನೆ. ಸಂರಕ್ಷಣೆ ಎಂದರೆ ಬೇಲಿ ಹಾಕಿ ಜನರನ್ನು ಹೊರಗಿಡುವುದು ಎಂದುಕೊಂಡು ಬಂದ ವಿದ್ಯಾರ್ಥಿಯ ತಿಳಿವಳಿಕೆ ಇಲ್ಲಿ ಮೊದಲ ವರ್ಷವೇ ಬದಲಾಗಬೇಕು.

ನಾಲ್ಕು ವರ್ಷದ ಓದಿನಲ್ಲಿ ಮರ ಎಣಿಸುವುದಷ್ಟೇ ಇಲ್ಲ. ಮಣ್ಣು, ಜಲಾನಯನ, ವನ್ಯಜೀವಿ, ಕಟ್ಟಿಗೆಯ ಗುಣ, ಕೃಷಿ ಅರಣ್ಯ, ಅರಣ್ಯ ಕಾನೂನು ಎಲ್ಲ ಬರುತ್ತವೆ. ನರ್ಸರಿಯಲ್ಲಿ ಶ್ರೀಗಂಧದ ಸಸಿ ಬೆಳೆಸುವುದನ್ನೇ ನೋಡಿ. ಗಂಧದ ಬೇರು ಅರೆಪರಾವಲಂಬಿ. ಒಂಟಿಯಾಗಿ ಬಿಟ್ಟರೆ ಸೊರಗುತ್ತದೆ. ಅದಕ್ಕೇ ಅದೇ ಚೀಲದಲ್ಲಿ ಒಂದು ತೊಗರಿ ಗಿಡ ಹಾಕುತ್ತಾರೆ, ಗಂಧ ಅದರ ಬೇರಿಗೆ ಬಾಯಿಟ್ಟು ಆಹಾರ ಪಡೆಯುತ್ತದೆ. ತೊಗರಿ ಎತ್ತರ ಬೆಳೆದು ಸಸಿಗೆ ನೆರಳು ಕಟ್ಟದಂತೆ ಆಗಾಗ ತುದಿ ಚಿವುಟುತ್ತಿರಬೇಕು. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ. ಹಾಗಾಗಿ ಇದು ಪರೀಕ್ಷೆಗೆ ಓದಿ ಮರೆಯುವ ವಿದ್ಯೆಯಲ್ಲ, ಊರಿಗೆ ಮರಳಿದರೂ ಅನ್ನ ಕೊಡುವ ವಿದ್ಯೆ. ಕೊನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ತರಗತಿ ಬಿಟ್ಟು ಅರಣ್ಯ ಇಲಾಖೆ, ಉದ್ಯಮ, ಹಳ್ಳಿಗಳ ಜೊತೆ ಕೆಲಸ ಮಾಡಬೇಕು.

ಇನ್ನು ದುಡ್ಡಿನ ಮಾತು. ಪ್ರವೇಶ ಸಿಇಟಿ ಮೂಲಕ. ಜಮೀನಿರುವ ಕುಟುಂಬದ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು: ಮೇಜಿನ ಮೇಲಿಟ್ಟ ಬೀಜ, ಗೊಬ್ಬರ, ಸಲಕರಣೆ ನೋಡಿ ಗುರುತಿಸಬೇಕು. ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಹೊಲದಲ್ಲಿ ಕೈಕೆಸರು ಮಾಡಿಕೊಂಡ ಮಗುವಿಗೆ ಸರ್ಕಾರ ಕೊಟ್ಟಿರುವ ನಿಜವಾದ ಅವಕಾಶ ಇದು. ಅರ್ಜಿ ತುಂಬುವಾಗ ಆ ಕಲಂ ಬಿಟ್ಟು ಸೀಟು ಕಳೆದುಕೊಂಡವರನ್ನು ಕಂಡು ಸಂಕಟಪಟ್ಟಿದ್ದೇನೆ. ಸರ್ಕಾರಿ ಸೀಟಿನ ಶುಲ್ಕ ವರ್ಷ ವರ್ಷ ಬದಲಾಗುತ್ತದೆ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪಟ್ಟಿಯನ್ನೇ ನೋಡಿ, ಯಾರೋ ಹೇಳಿದ ಅಂಕಿ ನಂಬಬೇಡಿ. ಅದರ ಮೇಲೆ ಹಾಸ್ಟೆಲ್, ಊಟ, ಕ್ಷೇತ್ರ ಪ್ರವಾಸ, ಒಳ್ಳೆಯ ಬೂಟು, ರೇನ್‌ಕೋಟಿನ ಖರ್ಚು ಸೇರಿಸಿ ಲೆಕ್ಕ ಹಾಕಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಆಧಾರ್, ಪಹಣಿ, ಜಾತಿ ಆದಾಯ ಪ್ರಮಾಣಪತ್ರಗಳಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದಕ್ಷರದ ವ್ಯತ್ಯಾಸಕ್ಕೆ ವರ್ಷಪೂರ್ತಿ ಅಲೆದಾಡಿಸುತ್ತದೆ.

ಕೋರ್ಸಿನ ಹೆಸರಿನಲ್ಲಿ ‘ಪರಿಸರ’ ಎಂದಿದ್ದ ಮಾತ್ರಕ್ಕೆ ಮರುಳಾಗಬೇಡಿ. ನನ್ನ ಬಂಧುಗಳ ಮಗಳೊಬ್ಬಳು ದುಬಾರಿ ಶುಲ್ಕ ಕೊಟ್ಟು ಅಂಥ ಒಂದು ಕೋರ್ಸಿಗೆ ಸೇರಿದ್ದಳು. ಎರಡು ವರ್ಷದಲ್ಲಿ ಅವರು ಕಾಡಿಗೆ ಹೋದದ್ದು ಎರಡೇ ಸಲ, ಅದೂ ಬಸ್ಸಿನಲ್ಲಿ ಕೂತು ನೋಡಲು. ಯಾವ ಕಾಲೇಜಿಗೇ ಹೋಗಿ, ನೇರವಾಗಿ ಕೇಳಿ: ವಾರಕ್ಕೆ ಎಷ್ಟು ಗಂಟೆ ಹೊರಗಿನ ಪಾಠ? ಸಸ್ಯ ಸಂಗ್ರಹವನ್ನು ಮಕ್ಕಳೇ ಮಾಡುತ್ತಾರೆಯೇ? ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಮಾನ್ಯತೆ ಈಗ ಚಾಲ್ತಿಯಲ್ಲಿದೆಯೇ? ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಯನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಹಾಸ್ಟೆಲಿನ ಮಕ್ಕಳ ಹತ್ತಿರ ಕೇಳುವುದು ಒಳ್ಳೆಯದು.

ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಅರಣ್ಯ ಪದವೀಧರರಿಗೆ ಎಷ್ಟು ಪಾಲು ಎಂಬುದು ವರ್ಷಗಳಿಂದ ಹೋರಾಟದ ವಿಷಯ. ಈ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದಿದೆ, ಅವರ ಬೇಡಿಕೆ ನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಕಾಡನ್ನು ಕಲಿತವರಿಗೇ ಕಾಡಿನ ಹೊಣೆ ಸಿಗಬೇಕು. ಭಾರತೀಯ ಅರಣ್ಯ ಸೇವೆಯ (ಐಎಫ್‌ಎಸ್) ಪರೀಕ್ಷೆ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ, ಕಾಗದ ಮತ್ತು ಪ್ಲೈವುಡ್ ಉದ್ಯಮ, ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳ ದಾರಿಯೂ ಇದೆ.

ಸಿಇಟಿಯಲ್ಲಿ ಈ ಸೀಟು ಸಿಗದಿದ್ದರೆ ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಊರ ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ, ಭದ್ರಾ ಅಭಯಾರಣ್ಯಕ್ಕೆ ಹತ್ತಿರದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದ ಎಂಎಸ್ಸಿ ಮಾಡಬಹುದು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಲ್ಲೂ ವನ್ಯಜೀವಿ ಸ್ನಾತಕೋತ್ತರ ಓದಿದೆ. ಸೀಟು ಬೆರಳೆಣಿಕೆ, ಸ್ಪರ್ಧೆ ಕಠಿಣ. ಆದರೆ ಪದವಿಯ ಮೂರು ವರ್ಷ ಊರ ಕೆರೆಯ ಹಕ್ಕಿಗಳನ್ನು ತಪ್ಪದೆ ಎಣಿಸಿ ಬರೆದಿಟ್ಟ ಪುಸ್ತಕವೊಂದು ನಿಮ್ಮ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಅದಕ್ಕೆ ಬೆಲೆ ಇದೆ.

ಆಪ್ಷನ್ ತುಂಬುವ ಮೊದಲು ಮಗುವಿನ ಜೊತೆ ಒಂದು ದಿನ ಶಿರಸಿಗೋ ಪೊನ್ನಂಪೇಟೆಗೋ ಹೋಗಿ ಬನ್ನಿ. ರಜೆಯ ದಿನ ಬೇಡ, ನರ್ಸರಿಯಲ್ಲಿ ಕೆಲಸ ನಡೆಯುತ್ತಿರುವ ದಿನವೇ ಹೋಗಿ.